ಪುತ್ತೂರು–ಸುಳ್ಯ–ಕಡಬ ಸೀಮೆಯ ಪಿಯುಸಿ ಕನ್ಯೆಯ ಸ್ತ್ರೀವಾದ: ಒಂದು ಪ್ರಾಥಮಿಕ ಮೀಮಾಂಸೆ

ಪೀಠಿಕೆ

1949ರಲ್ಲಿ ಪ್ಯಾರಿಸ್ಸಿನ ಸಿಮೊನ್ ದ ಬೊವಾ ಹೆಣ್ಣಿನ ಸ್ಥಿತಿಗತಿಯ ಮೇಲೆ ದಪ್ಪದೊಂದು ಗ್ರಂಥ ಪ್ರಕಟಿಸಿದರು. ಅದೇ ವರ್ಷ ಮದ್ರಾಸ್ ಸರ್ಕಾರ ಅಳಿಯಸಂತಾನ ಕಾಯ್ದೆ ಮಾಡಿತು. ಇವೆರಡಕ್ಕೂ ಸಂಬಂಧವಿದೆಯೆಂದು ಯಾವ ವಿದ್ವಾಂಸನೂ ಹೇಳದ್ದರಿಂದ ಆ ಹೊಣೆ ನಮ್ಮ ಮೇಲೆ ಬಿದ್ದಿದೆ. ಅಳಿಯಸಂತಾನದಲ್ಲಿ ವಂಶವೂ ಆಸ್ತಿಯೂ ಹೆಣ್ಣಿನ ಕಡೆಯಿಂದ ಹರಿಯುತ್ತಿದ್ದವು. ಯಜಮಾನಿಕೆ ಮಾತ್ರ ಬಹುತೇಕ ಸೋದರಮಾವನ ಕೈಯಲ್ಲಿರುತ್ತಿತ್ತು. ಈ ಸೀಮೆಯ ಸ್ತ್ರೀವಾದದ ಮೂಲಪಾಠ ಇಷ್ಟೇ. ಉಳಿದದ್ದೆಲ್ಲ ಭಾಷ್ಯ.

ಕ್ಷೇತ್ರ ಮತ್ತು ವಿಧಾನ

ಅಧ್ಯಯನ ಕ್ಷೇತ್ರದ ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಮಂಗಳೂರಿನ ಕೋಚಿಂಗ್ ಸೆಂಟರು, ನಡುವೆ ಅಡಿಕೆ. ಮೂರನೆಯ ತಾಲೂಕಾದ ಕಡಬ ತೀರ ಹೊಸತು. ಮೊದಲೆರಡರ ಊರುಗಳನ್ನೇ ಪಾಲುಮಾಡಿ ಕಟ್ಟಿದ್ದು. ತಾಲೂಕು ಪಾಲಾದಷ್ಟು ಸಲೀಸಾಗಿ ಇಲ್ಲಿ ತೋಟ ಪಾಲಾಗುವುದಿಲ್ಲ. ಅಧ್ಯಯನಕ್ಕೊಳಗಾದ ವಿದ್ಯಾರ್ಥಿನಿ ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ಗೌಪ್ಯತೆಗಾಗಿ ಅವಳನ್ನು ‘ಕುಮಾರಿ ಕ್ಷ’ ಎನ್ನೋಣ.

ಪ್ರಮೇಯ 1: ಸ್ತ್ರೀವಾದವು ಬೇರೆಯವರ ಮನೆಯ ಸಮಸ್ಯೆ

‘ನಮ್ಮಲ್ಲಿ ಅಂಥದ್ದೆಂತ ಇಲ್ಲ. ಅಪ್ಪ ನನ್ನನ್ನೂ ತಮ್ಮನನ್ನೂ ಒಂದೇ ರೀತಿ ನೋಡುದು’ ಎಂದಳು ಕುಮಾರಿ ಕ್ಷ. ಈ ಹೇಳಿಕೆ ಕೊಡುವಾಗ ಅವಳ ಕೈಯಲ್ಲಿ ತಮ್ಮ ಉಂಡು ಬಿಟ್ಟೆದ್ದ ಬಟ್ಟಲಿತ್ತು. ಅಂಚಿನಲ್ಲಿ ಸಾರಿನ ಕರಿಬೇವು, ನಡುವೆ ಎರಡು ನುಗ್ಗೆಕಾಯಿ ಸಿಪ್ಪೆ. ಬಟ್ಟಲಿಗೆ ಸ್ವತಃ ನಡೆಯುವ ಶಕ್ತಿಯಿಲ್ಲವಾದ್ದರಿಂದ ಈ ಸಂಗತಿಯನ್ನು ಸಮಾಜಶಾಸ್ತ್ರದಿಂದ ತೆಗೆದು ಭೌತಶಾಸ್ತ್ರಕ್ಕೆ ಸೇರಿಸಿದ್ದೇವೆ.

ಪ್ರಮೇಯ 2: ಕನಸು ಮತ್ತು ಕೊನೇ ಬಸ್ಸು

ಎಂಟನೇ ಕ್ಲಾಸಿನಲ್ಲಿ ಅವಳಿಗೆ ಪೈಲಟ್ ಆಗಬೇಕಿತ್ತು, ಹತ್ತರಲ್ಲಿ ಐಎಎಸ್, ಈಗ ‘ಡಾಟಾ ಸೈನ್ಸ್, ಬೆಂಗಳೂರು’. ಮನೆಯವರಿಗೆ ಮೊದಲ ಎರಡರ ಬಗ್ಗೆ ತಕರಾರಿರಲಿಲ್ಲ, ಆಗುವಂಥದ್ದಲ್ಲವೆಂಬ ಧೈರ್ಯವಿತ್ತು. ಆತಂಕ ಶುರುವಾದದ್ದು ಮೂರನೆಯದಕ್ಕೆ. ಸುಳ್ಯದಲ್ಲೇ ಮೆಡಿಕಲ್, ಇಂಜಿನಿಯರಿಂಗ್, ಆಯುರ್ವೇದ ಮೂರೂ ಇರುವಾಗ ಘಟ್ಟ ಹತ್ತುವುದು ಎಂತಕ್ಕೆ? ದೊಡ್ಡಮ್ಮನ ತೀರ್ಪು: ‘ಬಿ.ಎಡ್. ಮಾಡು ಮಗಾ. ಮನೆ, ಶಾಲೆ ಎರಡೂ ಆಗ್ತದೆ.’ ತಮ್ಮನ ಕೆಲಸದಲ್ಲಿ ‘ಎರಡೂ’ ಆಗುತ್ತದೆಯೇ ಎಂದು ಯಾರೂ ಕೇಳಿದ ದಾಖಲೆಯಿಲ್ಲ.

ಇದರಿಂದ ಸೂತ್ರ: ಹುಡುಗಿಯ ಮಹತ್ವಾಕಾಂಕ್ಷೆಯ ಉದ್ದವು ಮನೆಕಡೆಯ ಕೊನೇ ಬಸ್ಸಿನ ಹೊತ್ತಿಗೆ ನೇರ ಅನುಪಾತದಲ್ಲಿರುತ್ತದೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಟಿಕೇಟು ಅವಳಿಗೆ ಪುಕ್ಕಟೆ. ಹೊತ್ತು ಕಂತುವ ಮೊದಲು ಜಗಲಿ ಮುಟ್ಟಬೇಕೆಂಬ ನಿಯಮಕ್ಕೆ ಆ ಆದೇಶ ಅನ್ವಯಿಸುವುದಿಲ್ಲ.

ಪ್ರಮೇಯ 3: ಗುರುತ್ವಾಕರ್ಷಣೆಯ ಕೂಲಿ

ಅಡಿಕೆ ತೋಟದಲ್ಲಿ ಗೊನೆ ಕೊಯ್ಯುವವನು ಗಂಡಸು, ಹೆಕ್ಕುವವಳು ಹೆಂಗಸು. ಮರ ಹತ್ತುವ ಕೆಲಸಕ್ಕೆ ಕೂಲಿ ಹೆಚ್ಚು, ಬಗ್ಗುವ ಕೆಲಸಕ್ಕೆ ಕಡಿಮೆ. ಜೀವದ ಹಂಗು ತೊರೆದು ಏರುವವನಿಗೆ ಹೆಚ್ಚು ಕೊಡುವುದು ನ್ಯಾಯವೇ. ಈಗ ಕಾರ್ಬನ್ ಫೈಬರ್ ದೋಟಿ ಬಂದು ಕೊಯ್ಯುವವನೂ ನೆಲದಲ್ಲೇ ನಿಂತಿದ್ದಾನೆ. ಕೂಲಿ ಇನ್ನೂ ಮರದಿಂದ ಇಳಿದಿಲ್ಲ.

ಕುಮಾರಿ ಕ್ಷಳ ಅಜ್ಜಿ ಮಡಿಲಲ್ಲಿ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಬೀಡಿ ಕಟ್ಟಿದವರು. ಮಕ್ಕಳ ಫೀಸು, ಅಡವಿನ ಸರ ಎಲ್ಲ ಆ ಮೊರದಿಂದಲೇ ಬಿಡುಗಡೆಯಾದದ್ದು. ಅಜ್ಜಿಯ ಉದ್ಯೋಗವೇನೆಂದು ಕೇಳಿದ್ದಕ್ಕೆ ಮನೆಯವರೆಲ್ಲ ಒಕ್ಕೊರಲಿನಿಂದ, ‘ಏನಿಲ್ಲ, ಮನೆಯಲ್ಲೇ ಇದ್ದದ್ದು’ ಎಂದರು.

ಪೂರ್ವಪಕ್ಷ ಖಂಡನೆ

‘ನಮ್ಮ ಸೀಮೆಯಲ್ಲಿ ಹೆಣ್ಣಿಗೆ ಅವಕಾಶವಿಲ್ಲವೇ?’ ಎಂದು ಗುಡುಗುವವರಿದ್ದಾರೆ. ಧಾರಾಳ ಉಂಟು. ಪುತ್ತೂರು ಕ್ಷೇತ್ರ 2004, 2008, 2013ರಲ್ಲಿ ಸತತವಾಗಿ ಮಹಿಳೆಯರನ್ನೇ ಗೆಲ್ಲಿಸಿತು: ಶಕುಂತಲಾ ಶೆಟ್ಟಿ, ಮಲ್ಲಿಕಾ ಪ್ರಸಾದ್, ಮತ್ತೆ ಶಕುಂತಲಾ ಶೆಟ್ಟಿ. ಸುಳ್ಯ 2023ರಲ್ಲಿ ಭಾಗೀರಥಿ ಮುರುಳ್ಯರನ್ನು ಕಳಿಸಿತು. ಇಲ್ಲೇ ಹುಟ್ಟಿದ ಶೋಭಾ ಕರಂದ್ಲಾಜೆ ಕೇಂದ್ರದಲ್ಲಿ ಮಂತ್ರಿಯಾದರು. ಈ ನೆಲದ ಹೆಣ್ಣು ವಿಧಾನಸೌಧಕ್ಕೂ ದಿಲ್ಲಿಗೂ ಹೋಗಬಲ್ಲಳೆಂಬುದು ಸಿದ್ಧ. ಕುಮಾರಿ ಕ್ಷ ಬೆಂಗಳೂರಿನ ಪಿಜಿಗೆ ಹೋಗಬಹುದೇ ಎಂಬುದಷ್ಟೇ ಇನ್ನೂ ಪರಿಶೀಲನೆಯಲ್ಲಿದೆ.

ಉಪಸಂಹಾರ

ಅಧ್ಯಯನದ ಕೊನೆಯ ಹಂತದಲ್ಲಿ ಅನಿರೀಕ್ಷಿತವೊಂದು ಘಟಿಸಿತು. ಅತ್ತೆ ಊರಿಂದ ಬಂದು, ಚಹಾ ಕುಡಿದು, ‘ಹಕ್ಕು ಬಿಡುಗಡೆ ಪತ್ರ’ಕ್ಕೆ ರುಜು ಹಾಕಿ ಹೋದರು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂದಿತ್ತು, ದೇಶಕ್ಕೆ 2005ರಲ್ಲಿ. ‘ಅತ್ತೆಗೆ ಪಾಲು ಬೇಡವಾ?’ ಎಂದು ಕುಮಾರಿ ಕ್ಷ ಕೇಳಿದಳು. ‘ಅವಳಿಗೆ ಎಂತಕ್ಕೆ? ಮದುವೆಗೆ ಕೊಟ್ಟಿದ್ದೇವಲ್ಲ’ ಎಂದರು ಅಪ್ಪ. ‘ಹಾಗಾದ್ರೆ ನನಗೆ?’ ಎಂಬ ಮುಂದಿನ ಪ್ರಶ್ನೆಯೊಂದಿಗೆ ಪ್ರಮೇಯ 1 ಬಿದ್ದುಹೋಯಿತು.

ಆದ್ದರಿಂದ ನಮ್ಮ ಘನ ತೀರ್ಮಾನ: ಈ ಸೀಮೆ ಹೆಣ್ಣುಮಕ್ಕಳಿಗೆ ಓದನ್ನು ಧಾರಾಳವಾಗಿ ಕೊಟ್ಟಿದೆ, ಓದಿದ ಮೇಲೆ ತೀರ್ಮಾನ ಮಾಡುವ ಅಧಿಕಾರವನ್ನು ಸೋದರಮಾವನ ಕಾಲದ ಹಾಗೆಯೇ ಬೇರೆ ಕೈಯಲ್ಲಿಟ್ಟಿದೆ. ಓದುಗ ಮಹಾಶಯರೇ, ಸ್ತ್ರೀವಾದವನ್ನು ಒಪ್ಪುವುದು ಬಿಡುವುದು ನಿಮ್ಮಿಷ್ಟ. ಮಗಳಿಂದ ರುಜು ಹಾಕಿಸುವ ಮೊದಲು ಆ ಕಾಗದವನ್ನು ಅವಳಿಗೆ ಪೂರ್ತಿ ಓದಲು ಕೊಡಿ. ಅಷ್ಟು ಖರ್ಚು ಮಾಡಿ ಓದಿಸಿದ್ದೀರಿ.