ಬಾಯಿ ಮುಚ್ಚದ ಕಡುಬು

ಗಣೇಶನ ಹಬ್ಬದ ಬೆಳಗ್ಗೆ ಕೆಂಪಾಪುರದ ನಮ್ಮತ್ತೆಯ ಅಡುಗೆಮನೆಯಲ್ಲಿ ಸುಮ್ಮನೆ ನಿಲ್ಲಬಾರದು. ನಿಂತವನ ತಲೆಗೆ ಕೆಲಸ ಬೀಳುತ್ತದೆ. ಹೋದ ವರ್ಷ ನನಗೆ ಬಿದ್ದದ್ದು ಖಾರದ ಕಡುಬು. ಕಾಯಿಬೆಲ್ಲದ ಸಿಹಿ ಕಡುಬು ದೇವರದ್ದು, ಅದನ್ನು ಅತ್ತೆ ನನ್ನ ಕೈಗೆ ಕೊಡಳು. ಖಾರದ್ದು ಮನುಷ್ಯರಿಗೆ ತಾನೇ, ಹೆಂಗಿದ್ದರೂ ನಡೆಯುತ್ತದೆ.

ಹೂರಣದ್ದೇನೂ ತಕರಾರಿಲ್ಲ. ನೆನೆದ ಕಡ್ಲೆಬೇಳೆ, ಹಸಿಮೆಣಸಿನಕಾಯಿ, ಶುಂಠಿ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಕಾಯಿತುರಿ ಬೆರೆಸಿದರಾಯಿತು. ಮಾಗಿಯಲ್ಲಾದರೆ ಅತ್ತೆ ಕಡ್ಲೆಬೇಳೆ ಬಿಟ್ಟು ಮಾಗಡಿಯ ಸೊಗಡವರೆ ಹಿತುಕಿ ತುಂಬುತ್ತಾಳೆ. ಆ ಕಡುಬಿನ ಮುಂದೆ ನನಗೆ ಬೇರೆ ಯಾವುದೂ ಲೆಕ್ಕಕ್ಕಿಲ್ಲ. ಪೇಚಾಟವೆಲ್ಲ ಕಣಕದ್ದು. ಅಕ್ಕಿಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿನೀರಿಗೆ ಸುರಿದು, ಮುದ್ದೆಯಂತೆ ತಿರುವಿ, ಕೈ ಸುಡುವಾಗಲೇ ನಾದಿ ತಟ್ಟಬೇಕು. ಆರಿತೋ, ಬೇಸಿಗೆಯ ಕೆರೆಯಂಗಳದಂತೆ ಬಿರುಕು.

ನನ್ನದು ಆರಿತು. ಕಾರಣ, ನಾನು ಭಾಷಣಕ್ಕೆ ನಿಂತಿದ್ದೆ. ಉತ್ತರ ಕರ್ನಾಟಕದವರ ಹೂರಣಗಡಬಿಗೆ ಗೋಧಿ ಕಣಕ, ಎಳೆದಷ್ಟೂ ಬರುತ್ತದೆ. ಕೊಡಗಿನ ಕಡುಂಬುಟ್ಟಿನೊಳಗೆ ಹೂರಣವೇ ಇಲ್ಲ, ಹಂದಿ ಸಾರು ಹೊರಗಿನಿಂದ. ಮಂಗಳೂರಿನ ಕೊಟ್ಟೆ ಕಡುಬಿಗೆ ಹಲಸಿನೆಲೆಯೇ ಗೋಡೆ. ಇನ್ನು ಬೇಕರಿಯ ಪಫ್ಸು ಎರಡೂ ಕಡೆ ಬಾಯಿ ಬಿಟ್ಟುಕೊಂಡೇ ಇರುತ್ತದೆ, ಅದನ್ನು ಯಾರೂ ಬೈಯುವುದಿಲ್ಲ...

“ಲೋ, ಮೊದ್ಲು ಬಾಯಿ ಮುಚ್ಚು.”

“ಕಡುಬಿಂದಾ ಅತ್ತೆ?”

“ಎರಡ್ರದೂ.”

ಮುಚ್ಚಿದೆ. ಅಂಚಿಗೆ ನೀರು ಸವರಿ, ನೆರಿಗೆ ಹಿಡಿದು ಒತ್ತಿದೆ. ಆದರೆ ಆಸೆಗೆ ಬಿದ್ದು ಹೂರಣ ಗಿಡಿದಿದ್ದೆನಲ್ಲ, ಹಬೆಯೇರಿದ ಇಡ್ಲಿ ಪಾತ್ರೆ ತೆಗೆದಾಗ ಹನ್ನೆರಡರಲ್ಲಿ ಏಳರ ಹೊಟ್ಟೆ ಒಡೆದಿತ್ತು. ಗಣೇಶನಿಗೂ ಹೀಗೇ ಆಗಿತ್ತಂತೆ, ಕಡುಬು ತಿಂದು. ಅವನಿಗಾದರೆ ಕಟ್ಟಿಕೊಳ್ಳಲು ಹಾವು ಸಿಕ್ಕಿತು. ನನಗೆ ಸಿಕ್ಕಿದ್ದು ಚಂದ್ರನ ಪಾತ್ರದಲ್ಲಿ ಅತ್ತೆ. ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಶಾಪ ಕೊಡೋಣವೆಂದರೆ ಊಟ ಇನ್ನೂ ಬಡಿಸಿರಲಿಲ್ಲ.

ಪಾತ್ರೆಯ ತಳದ ನೀರಿಗೆ ಅರ್ಧ ಹೂರಣ ಇಳಿದಿತ್ತು. ಚೆಲ್ಲಲು ಹೋದೆ, ಅತ್ತೆ ಕೈ ಹಿಡಿದಳು. ಹುಣಸೆಹಣ್ಣು ಹಿಂಡಿ, ಸಾರಿನಪುಡಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಒಬ್ಬಟ್ಟಿಗೊಂದು ಸಾರಿರುವಂತೆ ಕಡುಬಿಗೂ ಒಂದಾಯಿತು.

ಈ ವರ್ಷವೂ ಅದೇ ಸಾರು ಬೇಕೆಂದು ಮನೆಯವರೆಲ್ಲ ಹೇಳಿದ್ದರಿಂದ ಕಡುಬಿನ ಕೆಲಸ ಮತ್ತೆ ನನಗೇ ಬಂದಿದೆ.