ಕೀಲಿ ಸರಿ, ಜಾಗವಿಲ್ಲ

40 ಜಿಬಿಯ ಎನ್‌ಕ್ರಿಪ್ಟ್ ಮಾಡಿದ ಫೈಲನ್ನು 8 ಜಿಬಿ ರ‍್ಯಾಮಿನ ಕಂಪ್ಯೂಟರಿನಲ್ಲಿ ಬಿಡಿಸಹೊರಟರೆ ‘ಮೆಮೊರಿ ಸಾಲದು’ ಎಂಬ ಉತ್ತರ ಬರುವುದುಂಟು. ಪಾಸ್‌ವರ್ಡ್ ಪಾಪ, ನಿರಪರಾಧಿ. ತಪ್ಪು ಇಡೀ ಫೈಲನ್ನು ಒಮ್ಮೆಗೇ ಒಳಗೆಳೆಯುವ ಪ್ರೋಗ್ರಾಮಿನದು: ಮುಂಬಯಿಯ ದಾದರಿನ ಸಂಜೆಯ ಜನವನ್ನೆಲ್ಲ ವಿರಾರ್ ಲೋಕಲ್ಲಿನ ಒಂದೇ ಡಬ್ಬಕ್ಕೆ ತುರುಕಿದಂತೆ. 32 ಬಿಟ್ ಪ್ರೋಗ್ರಾಮಾದರೆ ರ‍್ಯಾಮ್ ಎಷ್ಟು ಸುರಿದರೂ 4 ಜಿಬಿಯಾಚೆ ಕಣ್ಣು ಕಾಣದು. ಜಾವಾದಲ್ಲಿ ಎಇಎಸ್-ಜಿಸಿಎಂ ಎಂಬ ಬೀಗದ ವಿಧಾನ ಮಹಾ ಮಡಿವಂತ. ಫೈಲಿನ ಕೊನೆಯ ದೃಢೀಕರಣ ಮುದ್ರೆ ಪರೀಕ್ಷಿಸುವ ತನಕ ಎಲ್ಲವನ್ನೂ ಮೆಮೊರಿಯಲ್ಲೇ ಹಿಡಿದಿಟ್ಟು ಒಂದು ಬೈಟನ್ನೂ ಹೊರಬಿಡದು. ಮದ್ದೆಂದರೆ ಮೊದಲೇ ತುಂಡು ತುಂಡಾಗಿ ಬೀಗ ಹಾಕುವುದು. ಅಂಧೇರಿಯ ಸ್ಟುಡಿಯೊಗಳ ಸಿನಿಮಾ ಡಿಸಿಪಿ (ಚಿತ್ರಮಂದಿರಕ್ಕೆ ಕಳಿಸುವ ಡಿಜಿಟಲ್ ಪ್ರತಿ) ನೂರಾರು ಜಿಬಿ ತೂಗಿದರೂ ಚಿತ್ರಮಂದಿರದ ಸರ್ವರ್ ಏದುಸಿರು ಬಿಡುವುದಿಲ್ಲ. ಅಲ್ಲಿ ಪ್ರತಿ ಫ್ರೇಮಿಗೂ ಪ್ರತ್ಯೇಕ ಎಇಎಸ್-128 ಬೀಗ. ಸರ್ವರ್ ಸಾಮಾನ್ಯವಾಗಿ ಸೆಕೆಂಡಿಗೆ 24 ಬಾರಿ ಬೀಗ ಬಿಚ್ಚುತ್ತದೆ. ಪರದೆ ಕಪ್ಪಾದರೆ ಮೆಮೊರಿಯನ್ನು ಬೈಯುವ ಮುನ್ನ ಕೆಡಿಎಂ, ಅಂದರೆ ಚಿತ್ರಮಂದಿರಕ್ಕೆ ಪ್ರತ್ಯೇಕವಾಗಿ ಕಳಿಸುವ ಕೀಲಿಯ ಅವಧಿ ಮುಗಿದಿದೆಯೇ ನೋಡಬೇಕು.