ಸಮುದ್ರ ವಾರಂಟಿಗೆ ಒಳಪಡುವುದಿಲ್ಲ

ಕಾರಿನ ಜಾಹೀರಾತು ನೋಡಿದ್ದೀರಲ್ಲ? ಕಾರು ಕಡಲ ದಂಡೆಯಲ್ಲೇ ಓಡಬೇಕು. ತೆರೆ ಬಂದು ಚಕ್ರಕ್ಕೆ ಹೊಡೆಯಬೇಕು. ಉಪ್ಪುನೀರು ಬಾನೆಟ್ ಮೇಲೆ ಚಿಮ್ಮಬೇಕು. ಒಳಗೆ ಕೂತವಳು ಕೂದಲು ಹಾರಿಸುತ್ತ ನಗಬೇಕು.

ಈಗ ಕಾರಿನ ಜೊತೆ ಕೊಡುವ ಪುಸ್ತಕ ತೆಗೆಯಿರಿ. ವಾರಂಟಿ ಪುಟದ ಇರುವೆಯಂಥ ಅಕ್ಷರ ಓದಿ. ಉಪ್ಪು, ಹಕ್ಕಿಯ ಹಿಕ್ಕೆ, ಮರದ ಅಂಟು, ಹಾರಿಬಂದ ಜಲ್ಲಿಕಲ್ಲು. ಇವುಗಳಿಂದ ಬಣ್ಣ ಕೆಟ್ಟರೆ ಕಂಪನಿ ಹೊಣೆಯಲ್ಲ.

ಕಾರವಾರ, ಅಂಕೋಲೆಯಲ್ಲಿ ಬೇರೆ ಏನಿದೆ ಸ್ವಾಮಿ? ಗಾಳಿಯಲ್ಲಿ ಉಪ್ಪು. ತೆಂಗಿನ ಮರದಲ್ಲಿ ಕಾಗೆ. ಜಿಐ ಮಾನ್ಯತೆ ಪಡೆದ ಕರಿ ಈಶಾಡ ಮಾವಿನ ಅಂಟು. ಹೆದ್ದಾರಿ 66ರ ಮುಗಿಯದ ಕಾಮಗಾರಿಯ ಜಲ್ಲಿ. ಎರಡು ತಾಲ್ಲೂಕನ್ನು ಇಡಿಯಾಗಿ ವಾರಂಟಿಯಿಂದ ಹೊರಗಿಟ್ಟು, ಅದೇ ತಾಲ್ಲೂಕಿನವರಿಗೆ ಕಾರು ಮಾರುತ್ತಾರೆ. ಕೆಎ-30 ನಂಬರು ಹಚ್ಚಿ, ಹಾರ ಹಾಕಿ, ಫೋಟೋ ತೆಗೆದು ಕಳಿಸುತ್ತಾರೆ.

ಶೋರೂಮಿನವರಿಗೆ ಸಮುದ್ರ ಎರಡೇ ಸಲ ನೆನಪಾಗುತ್ತದೆ. ಸೆರಾಮಿಕ್ ಕೋಟಿಂಗ್ ಮಾರುವಾಗ ಒಮ್ಮೆ. ಬಣ್ಣ ಎದ್ದಿದೆ ಎಂದು ನೀವು ದೂರು ಹೇಳಿದಾಗ ಇನ್ನೊಮ್ಮೆ. ಕಾರಿನ ಬೆಲೆ ಹೇಳುವಾಗ ಅರಬ್ಬಿ ಸಮುದ್ರ ಇರುವುದೇ ಇಲ್ಲ.

ನನ್ನದು ಬಿಳಿ ಕಾರು. ವಾರಂಟಿ ಮುಗಿಯಿತು, ಬಾನೆಟ್ ಸಿಪ್ಪೆ ಏಳತೊಡಗಿತು. ಸರ್ವಿಸ್ ಅಡ್ವೈಸರ್ ಬೆರಳಲ್ಲಿ ಕೆರೆದು ನೋಡಿದ. ಇನ್ನಷ್ಟು ಎದ್ದಿತು. "ನೀವು ಬೀಚ್ ಕಡೆಯವರಲ್ವಾ ಸರ್? ಉಪ್ಪು ಗಾಳಿ" ಎಂದ.

ಉಪ್ಪು ಏನು ಮಾಡುತ್ತದೆಂದು ನಮಗೆ ಇವನು ಹೇಳಬೇಕೆ? ಉಪ್ಪು ಕಬ್ಬಿಣ ತಿನ್ನುತ್ತದೆ. ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು, ನೀರು ನಿಲ್ಲುವ ಸಂದುಗಳಲ್ಲಿ ತುಕ್ಕಾಗಿ ಕಾಣಿಸಿಕೊಳ್ಳುತ್ತದೆ. ನನ್ನ ಕಾರಿನಲ್ಲಿ ಅಲ್ಲೆಲ್ಲ ಬಣ್ಣ ಗಟ್ಟಿಯಾಗಿದೆ. ಹೋಗಿರುವುದು ಬಾನೆಟ್ಟಿನದು, ಮಾಡಿನದು. ಬಿಸಿಲು ನೇರ ಬೀಳುವ ಜಾಗಗಳದು. ಕಾರ್ಖಾನೆಯಲ್ಲಿ ಹಾಕಿದ ಪದರಗಳೆಲ್ಲ ಸೇರಿದರೂ ದಪ್ಪ ಸುಮಾರು ನೂರು ಮೈಕ್ರಾನು, ಒಂದು ತಲೆಗೂದಲಿನಷ್ಟು. ಬಿಸಿಲಿಗೆ ಅವುಗಳ ನಡುವಿನ ಹಿಡಿತ ಬಿಟ್ಟರೆ ಹಾಳೆಯಂತೆ ಎದ್ದುಬರುತ್ತವೆ. ಸಮುದ್ರವನ್ನೇ ನೋಡದ ಹುಬ್ಬಳ್ಳಿಯ ಕಾರೂ ಹೀಗೇ ಸಿಪ್ಪೆ ಏಳುತ್ತದೆ. ಅಲ್ಲಿ ಯಾವ ಗಾಳಿಯ ಮೇಲೆ ಹಾಕುತ್ತಾರೋ!

ಇದು ನನ್ನ ತಲೆಯಲ್ಲಿ ಹುಟ್ಟಿದ ಸಿದ್ಧಾಂತವಲ್ಲ. ಟೊಯೊಟಾ ಕಂಪನಿ 2019ರಲ್ಲಿ ಅಮೆರಿಕದಲ್ಲಿ ತನ್ನ ಕೆಲವು ಬಿಳಿ ಕಾರುಗಳ ಬಣ್ಣ ಏಳುತ್ತಿದೆ ಎಂದು ಒಪ್ಪಿಕೊಂಡಿತು. ಬಿಸಿಲಿಗೆ ಅಡಿ ಪದರದ ಹಿಡಿತ ಸಡಿಲವಾಗುತ್ತದೆ ಎಂದು ಕಾರಣವನ್ನೂ ಹೇಳಿತು. ಮಾಮೂಲಿ ವಾರಂಟಿ ಎಂದೋ ಮುಗಿದಿದ್ದ ಕಾರುಗಳಿಗೂ ಪುಕ್ಕಟೆಯಾಗಿ ಬಣ್ಣ ಹೊಡೆದುಕೊಡಲು ಮುಂದೆ ಬಂತು. ಅಲ್ಲಿನ ಗ್ರಾಹಕರು ಗಲಾಟೆ ಮಾಡಿದ್ದರು. ನಾವು ಕವರು ಕೊಂಡು ಹೊದಿಸುತ್ತೇವೆ.

ಅಡ್ವೈಸರನ ಬಳಿ ಪರಿಹಾರವೂ ಇತ್ತು. ದನಿ ತಗ್ಗಿಸಿದ. "ಇನ್ಶೂರೆನ್ಸ್ ಇದೆಯಲ್ಲ ಸರ್? ಎಲ್ಲಾದ್ರೂ ಕಂಬಕ್ಕೆ ತಾಗಿಸ್ಕೊಂಡು ಬನ್ನಿ."

ತಾನಾಗಿ ಉದುರಿದ ಬಣ್ಣ ಸವೆತ. ಅದಕ್ಕೆ ವಿಮೆಯಿಂದ ಬಿಡಿಗಾಸಿಲ್ಲ. ಬೇಕೆಂದೇ ಗುದ್ದಿದರೆ ಅಪಘಾತ. ಅದಕ್ಕೆ ದುಡ್ಡು. ಅದೂ ಪೂರ್ತಿ ಅಲ್ಲ. ಬಣ್ಣದ ಸಾಮಾನಿನ ಬೆಲೆಯಲ್ಲಿ ಅರ್ಧ ಸವಕಳಿಯೆಂದು ಮುರಿಯುತ್ತಾರೆ. 1500 ಸಿಸಿ ಒಳಗಿನ ಕಾರಾದರೆ ಕಡ್ಡಾಯವಾಗಿ 1000 ರೂಪಾಯಿ ನಿಮ್ಮ ಕೈಯಿಂದ. ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ಸಿಗೂ ಎಳ್ಳುನೀರು. ಸುಳ್ಳು ಹೇಳುವುದಕ್ಕೂ ಈ ದೇಶದಲ್ಲಿ ಬಂಡವಾಳ ಬೇಕು.

ಆದರೂ ಹೇಳುತ್ತಾರೆ. ಮರ್ಯಾದಸ್ಥರೇ ಹೇಳುತ್ತಾರೆ. ಬೆಳಿಗ್ಗೆ ಗೇಟಿಗೆ ಕಾರು ಉಜ್ಜಿ, ಕ್ಲೇಮ್ ಫಾರಂಗೆ ಸಹಿ ಹಾಕಿ, ಸಂಜೆ ಟ್ಯಾಗೋರ್ ಕಡಲತೀರದಲ್ಲಿ ವಾಕಿಂಗ್ ಮಾಡುತ್ತ ಬೇಲೆಕೇರಿಯ ಅದಿರಿನ ಬಗ್ಗೆ ಮರುಗುತ್ತಾರೆ. 2010ರಲ್ಲಿ ಜಪ್ತಿಯಾದ ಲಕ್ಷಾಂತರ ಟನ್ ಅದಿರು ಬಂದರಿನಿಂದಲೇ ಮಾಯವಾಯಿತಲ್ಲ, ಎಂಥ ಕಳ್ಳರಪ್ಪ ಎಂದು.

ಸರ್ಕಾರವೇನು ಕಮ್ಮಿಯಿಲ್ಲ. ಕಾರಿಗೆ ನೋಂದಣಿ 15 ವರ್ಷ. ತೆರಿಗೆ ಜೀವಮಾನದ್ದು, ಒಂದೇ ಏಟಿಗೆ. ಅಗ್ಗದ ಕಾರಿಗೂ ಬೆಲೆಯ ಶೇ. 13, ದುಬಾರಿಯದಕ್ಕೆ ಶೇ. 18, ಮೇಲೆ ಸೆಸ್ಸು. ಹದಿನೈದು ವರ್ಷ ಬಾಳುವ ವಸ್ತುವೆಂದು ನಂಬಿ ತೆರಿಗೆ ವಸೂಲಿ ಮಾಡುವವರು, ಅದರ ಚರ್ಮಕ್ಕೆ ಕಂಪನಿ ಎರಡು ಮೂರು ವರ್ಷದ ಆಯಸ್ಸು ಬರೆದಾಗ ತುಟಿ ಬಿಚ್ಚುವುದಿಲ್ಲ.

ಕೊನೆಗೆ ಅಂಕೋಲೆಯ ಒಬ್ಬ ಪೇಂಟರ್ ಹತ್ತಿರ ಹೋದೆ. "ಮಳೆಗಾಲದಲ್ಲಿ ಬಣ್ಣ ಹಿಡಿಯುದಿಲ್ಲ ಮಾರಾಯ್ರೇ, ದೀಪಾವಳಿ ಮುಗಿಸ್ಕಂಡು ಬನ್ನಿ. ಕಲರ್ ಮಾತ್ರ ಪೂರ್ತಿ ಮ್ಯಾಚ್ ಆಗುದಿಲ್ಲ" ಎಂದ. ವಾರಂಟಿ ಎಷ್ಟು ಎಂದೆ. ನಕ್ಕುಬಿಟ್ಟ. ಈ ವ್ಯವಹಾರದಲ್ಲಿ ನಿಜ ಹೇಳಿದವನು ಅವನೊಬ್ಬ.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. ಕೊಟ್ಟ ಬೆಲೆ ಐದು ಲಕ್ಷದವರೆಗಾದರೆ ಶುಲ್ಕವಿಲ್ಲ, ಹತ್ತು ಲಕ್ಷದವರೆಗೆ 200 ರೂಪಾಯಿ. ಆದರೆ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಇದು ನಿಮಗೆ ಗೊತ್ತಿಲ್ಲದಿರಬಹುದು, ಶೋರೂಮಿಗೆ ಚೆನ್ನಾಗಿ ಗೊತ್ತು. "ಕಂಪನಿಗೆ ಮೇಲ್ ಹಾಕಿದ್ದೇವೆ ಸರ್, ನೋಡೋಣ" ಎಂಬ ಮಂತ್ರ ಅದಕ್ಕೇ. ಜಾಬ್ ಕಾರ್ಡಿನಲ್ಲಿ ಬಣ್ಣದ ಮಾತೇ ಇಲ್ಲದೆ 'ಜನರಲ್ ಚೆಕಪ್' ಎಂದು ಗೀಚುವುದೂ ಅದಕ್ಕೇ.

ಆದ್ದರಿಂದ ಮೊದಲ ಗುಳ್ಳೆ ಕಂಡ ದಿನವೇ, ವಾರಂಟಿ ಇರುವಾಗಲೇ, ಫೋಟೋ ತೆಗೆಯಿರಿ. ಬರಹದಲ್ಲಿ ದೂರು ಕೊಡಿ. ಅವರು ನಕ್ಕರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಾಬ್ ಕಾರ್ಡಿನಲ್ಲಿ 'ಬಣ್ಣ ಏಳುತ್ತಿದೆ' ಎಂದು ಬರೆಯುವ ತನಕ ಕಾರಿನ ಕೀಲಿ ಕೊಡಬೇಡಿ.